ಮೀನಿನ ಬಾಲ ಕೊಳೆಯುತ್ತಿದ್ದರೆ ಟ್ಯಾಂಕಿಗೆ ಯಾವ ಆಂಟಿಬಯೋಟಿಕ್ ಹಾಕಬೇಕು?

ನಿಮ್ಮ ಗೋಲ್ಡ್‌ಫಿಶ್‌ನ ಬಾಲದ ಅಂಚು ಬೆಳ್ಳಗಾಗಿ ಹರಿಯುತ್ತಿದೆ, ಮೀನು ಮೂಲೆಯಲ್ಲೇ ನಿಲ್ಲುತ್ತಿದೆ ಅಂತ ಬರೆದಿದ್ದೀರಿ. ಇವತ್ತೇ ಔಷಧಿ ಹಾಕಬೇಡಿ. ಮೊದಲು ನೀರು ಪರೀಕ್ಷೆ ಮಾಡಿ.

ಬಾಲ ಕೊಳೆಸುವ ಏರೋಮೊನಾಸ್, ಸೂಡೊಮೊನಾಸ್ ಥರದ ಬ್ಯಾಕ್ಟೀರಿಯಾ ಹೊಸದಾಗಿ ಎಲ್ಲಿಂದಲೋ ಬರಬೇಕಾಗಿಲ್ಲ. ಸಾಮಾನ್ಯವಾಗಿ ನೀರಿನಲ್ಲಿ ಇದ್ದೇ ಇರುತ್ತವೆ. ಗಟ್ಟಿಮುಟ್ಟಾದ ಮೀನನ್ನು ಅವು ಏನೂ ಮಾಡಲ್ಲ. ನೀರಿನಲ್ಲಿ ಅಮೋನಿಯಾ (ಮೀನಿನ ಗಲೀಜಿನಿಂದ ಬರುವ ವಿಷ) ಏರಿದಾಗ ಮೀನಿನ ಕಿವಿರು ಮತ್ತು ಮೈಮೇಲಿನ ಲೋಳೆ ಹಾಳಾಗುತ್ತದೆ, ಆಗ ಒಳಗೆ ನುಗ್ಗುತ್ತವೆ. ಅಮೋನಿಯಾ, ಅದರಿಂದಲೇ ಆಗುವ ನೈಟ್ರೈಟ್ ಎರಡೂ 0 ಇರಬೇಕು. ಸ್ವಲ್ಪ ಕಾಣಿಸಿದರೂ ನಾಲ್ಕನೇ ಒಂದು ಭಾಗದಷ್ಟು ನೀರು ಬದಲಿಸಿ. ಹೊಸ ನೀರಿನ ಕ್ಲೋರಿನ್ ತೆಗೆದಿರಬೇಕು, ಬಿಸಿ ಹಳೆಯ ನೀರಿನಷ್ಟೇ ಇರಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿಯಬೇಡಿ, ತೆಗೆದ ಹಳೆ ನೀರಿನಲ್ಲೇ ಅದ್ದಿ ಹಿಂಡಿ. ಅಮೋನಿಯಾ ತಿಂದು ಮುಗಿಸುವ ಒಳ್ಳೆ ಬ್ಯಾಕ್ಟೀರಿಯಾ ವಾಸ ಮಾಡೋದು ಅಲ್ಲೇ. ದೊಡ್ಡ ಟ್ಯಾಂಕಿಗೆ ಆಂಟಿಬಯೋಟಿಕ್ ಸುರಿಯಬೇಡಿ ಅನ್ನೋದೂ ಇದಕ್ಕೇ. ಅವೂ ಸತ್ತರೆ ಅಮೋನಿಯಾ ಮತ್ತೆ ಏರುತ್ತದೆ, ಚೆನ್ನಾಗಿದ್ದ ಮೀನುಗಳೂ ಮಲಗುತ್ತವೆ.

ಆಮೇಲೆ ಟಾರ್ಚ್ ಹಿಡಿದು ಬಾಲದ ಅಂಚನ್ನು ಹತ್ತಿರದಿಂದ ನೋಡಿ. ಹರಿದ ಕಡೆ ಹಾಲಿನ ಬಣ್ಣ, ಒಳಗೆ ಕೆಂಪು ಗೆರೆ ಇದ್ದರೆ ಸೋಂಕು ಇನ್ನೂ ಹರಡುತ್ತಿದೆ ಅಂತ ಅನುಮಾನಪಡಿ. ತೆಳುವಾದ, ಪಾರದರ್ಶಕವಾದ ಅಂಚು ಮೂಡಿದ್ದರೆ ಅದು ಹೊಸದಾಗಿ ಬೆಳೆಯುತ್ತಿರುವ ಬಾಲ. ಅದನ್ನೇ ರೋಗ ಅಂದುಕೊಂಡು ಮತ್ತೆ ಔಷಧಿ ಹಾಕುವವರು ಇದ್ದಾರೆ, ಪಾಪ ಮೀನು.

ಬಾಯಿಯ ಸುತ್ತ ಅಥವಾ ಬೆನ್ನಮೇಲೆ ಹತ್ತಿ ಅಂಟಿದ ಹಾಗೆ ಕಂಡರೆ ಮಾತ್ರ ತಡಮಾಡಬೇಡಿ. ನೋಡೋಕೆ ಫಂಗಸ್ ಥರ ಇದ್ದರೂ ಅದು ಕಾಲಮ್ನಾರಿಸ್ ಇರಬಹುದು. ಅದೂ ಬ್ಯಾಕ್ಟೀರಿಯಾನೇ, ಬೆಚ್ಚಗಿನ ನೀರಿನಲ್ಲಿ ಇನ್ನೂ ಬೇಗ ಹರಡುತ್ತದೆ. ಹಾಗಾಗಿ 'ಹುಷಾರಿಲ್ಲ' ಅಂತ ಹೀಟರ್ ಏರಿಸಬೇಡಿ.

ನೀರು ಸರಿಹೋದಮೇಲೂ ಕೆಲವು ದಿನದಲ್ಲಿ ಬಾಲ ಇನ್ನಷ್ಟು ಕರಗುತ್ತಾ ಹೋದರೆ ಮೀನನ್ನು ಬೇರೆ ಟ್ಯಾಂಕಿಗೆ ಬಿಡಿ. ಮರಳು, ಗಿಡ ಏನೂ ಬೇಡ. ಏರ್ ಪಂಪ್ ಜೋರಾಗಿ ಇರಲಿ. ಲೀಟರಿಗೆ 1ರಿಂದ 2 ಗ್ರಾಂ ಉಪ್ಪನ್ನು ಗೋಲ್ಡ್‌ಫಿಶ್ ಆರಾಮಾಗಿ ತಡೆದುಕೊಳ್ಳುತ್ತದೆ. ಔಷಧಿ ಬೇಕೇ ಬೇಕು ಅಂತಾದರೆ ಮೀನಿಗೆಂದೇ ತಯಾರಿಸಿದ್ದನ್ನು, ಸಾಧ್ಯವಾದರೆ ಪಶುವೈದ್ಯರನ್ನು ಕೇಳಿ ತನ್ನಿ. ಫಿಲ್ಟರಿನಲ್ಲಿ ಕಾರ್ಬನ್ ಇದ್ದರೆ ತೆಗೆದುಬಿಡಿ, ಇಲ್ಲದಿದ್ದರೆ ಔಷಧಿಯನ್ನು ಅದೇ ಹೀರಿಕೊಳ್ಳುತ್ತದೆ. ಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಗಡಸು ನೀರಿನಲ್ಲಿ ಸರಿಯಾಗಿ ಕೆಲಸ ಮಾಡಲ್ಲ, ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮನೆಯಲ್ಲಿ ಉಳಿದ ಮನುಷ್ಯರ ಕ್ಯಾಪ್ಸೂಲ್ ಒಡೆದು ಹಾಕೋದಂತೂ ಬೇಡವೇ ಬೇಡ. ಶುರುಮಾಡಿದ ಕೋರ್ಸ್ ಪೂರ್ತಿ ಮುಗಿಸಿ.

ಹೊಟ್ಟೆ ಊದಿ, ಮೇಲಿನಿಂದ ನೋಡಿದಾಗ ಹುರುಪೆಗಳು ಎದ್ದು ನಿಂತಿದ್ದರೆ ವಿಷಯ ಗಂಭೀರ. ಸೋಂಕು ಒಳಗಿದೆ, ಕಿಡ್ನಿ ಸೋತಿರಬಹುದು. ಸಿಹಿನೀರಿನ ಮೀನು ನೀರು ಕುಡಿಯೋದೇ ಕಡಿಮೆ. ಆದ್ದರಿಂದ ನೀರಿಗೆ ಹಾಕಿದ ಔಷಧಿ ಒಳಗೆ ಅಷ್ಟಾಗಿ ಮುಟ್ಟಲ್ಲ. ತಿನ್ನುತ್ತಿದ್ದರೆ ಆಹಾರದಲ್ಲಿ ಬೆರೆಸಿದ ಔಷಧಿಯೇ ವಾಸಿ. ಆದರೂ ಈ ಹಂತಕ್ಕೆ ಬಂದ ಮೀನು ಉಳಿಯೋದು ಕಷ್ಟ.

ಮುಂದೆ ಹೊಸ ಮೀನು ತಂದಾಗ ನಾಲ್ಕು ವಾರ ಬೇರೆ ಇಡಿ. ಅದಕ್ಕೆ ಬಲೆ, ಪೈಪು ಎಲ್ಲಾ ಬೇರೆ ಇರಲಿ. ಊಟ ಸ್ವಲ್ಪ ಕಡಿಮೆಯೇ ಹಾಕಿ.

ಇನ್ನೊಂದು ಮಾತು. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಇಲ್ಲದೆ ಟ್ಯಾಂಕಿಗೆ ಕೈ ಹಾಕಬೇಡಿ. ಮೈಕೋಬ್ಯಾಕ್ಟೀರಿಯಂ ಮರೈನಮ್ ಅನ್ನೋ ಬ್ಯಾಕ್ಟೀರಿಯಾ ಮೀನಿನಿಂದ ಮನುಷ್ಯರ ಚರ್ಮಕ್ಕೂ ಬರುತ್ತದೆ. ಬೆರಳ ಮೇಲೆ ವಾರಗಟ್ಟಲೆ ವಾಸಿಯಾಗದ ಗಂಟು ಎದ್ದರೆ ಡಾಕ್ಟರಿಗೆ ತೋರಿಸಿ, ಮೀನು ಸಾಕಿದ್ದೀನಿ ಅಂತ ಮರೆಯದೆ ಹೇಳಿ.