3 ಲಕ್ಷದ ಆಸುಪಾಸಿನಲ್ಲಿ ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ಹಳೆಯ ಕಾರು: ಕಲಬುರಗಿಯಲ್ಲಿ ಯಾವುದನ್ನು ಕೊಳ್ಳಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ತಿಳಿದುಕೊಂಡಿದ್ದೇನೆ. ಮನೆ ಕಲಬುರಗಿಯಲ್ಲಿ, ಮೂರು ವರ್ಷದ ಮಗಳು ಮತ್ತು ಎಂಟು ತಿಂಗಳ ಮಗ, ವಾರವೆಲ್ಲ ಊರೊಳಗಿನ ಓಡಾಟ, ತಿಂಗಳಿಗೊಮ್ಮೆ ಪತ್ನಿಯ ತವರಾದ ಬೀದರ್‌ಗೆ ಪ್ರಯಾಣ, ಕೈಯಲ್ಲಿರುವುದು 3 ಲಕ್ಷ 20 ಸಾವಿರ ರೂಪಾಯಿ. ನೀವು ನೋಡಿಟ್ಟಿರುವ ಗಾಡಿಗಳು ಮೂರು: ಊರಲ್ಲೇ ಇರುವ 2013ರ ಆಲ್ಟೊ 800, ಬೆಲೆ 1.6 ಲಕ್ಷ, ಹೈದರಾಬಾದಿನಲ್ಲಿರುವ 2014ರ ಡೀಸೆಲ್ ಸ್ವಿಫ್ಟ್, 2.75 ಲಕ್ಷ, ವರ್ಗಾವಣೆಯಾಗಿ ಹೋಗುತ್ತಿರುವ ಬ್ಯಾಂಕ್ ಉದ್ಯೋಗಿಯೊಬ್ಬರ 2017ರ ವ್ಯಾಗನ್ ಆರ್ 1.0 ಪೆಟ್ರೋಲ್, 2.9 ಲಕ್ಷ. ಇವುಗಳಲ್ಲಿ ಹೆಚ್ಚು ಮೈಲೇಜ್ ಕೊಟ್ಟು ಕಡಿಮೆ ಖರ್ಚಿನಲ್ಲಿ ನಡೆಯುವುದು ಯಾವುದು ಎಂಬುದು ನಿಮ್ಮ ಪ್ರಶ್ನೆ.

ವಾಹನ ವಿಮೆಯ ಸರ್ವೇಯರ್ ಆಗಿ ಈ ಭಾಗದ ಗ್ಯಾರೇಜುಗಳಲ್ಲಿ ಬಿಚ್ಚಿಟ್ಟ ಗಾಡಿಗಳನ್ನು ನೋಡುವುದೇ ನನ್ನ ಕೆಲಸವಾದ್ದರಿಂದ ನೇರವಾಗಿ ಹೇಳುತ್ತೇನೆ: ಪರೀಕ್ಷೆಯಲ್ಲಿ ಪಾಸಾದರೆ ವ್ಯಾಗನ್ ಆರ್ ಕೊಳ್ಳಿರಿ, ಸ್ವಿಫ್ಟ್ ಕೈಬಿಡಿರಿ, ಆಲ್ಟೊವನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳಿರಿ. ಆದರೆ ಮಾದರಿಯ ಹೆಸರಿಗಿಂತ ಆ ಒಂದು ಗಾಡಿಯ ಚರಿತ್ರೆ ಮುಖ್ಯ. ಕಾರಣಗಳನ್ನು ಮುಂದೆ ವಿವರಿಸುತ್ತೇನೆ.

ಮೊದಲು ಮೈಲೇಜಿನ ಲೆಕ್ಕ ಮಾಡೋಣ, ಏಕೆಂದರೆ ನಮ್ಮಲ್ಲಿ ಎಲ್ಲರೂ ಅಲ್ಲಿಂದಲೇ ಆರಂಭಿಸಿ ಅಲ್ಲಿಯೇ ನಿಂತುಬಿಡುತ್ತಾರೆ. ಹಳೆಯ ಆಲ್ಟೊ 800ಕ್ಕೆ ಕಂಪನಿ ಹೇಳಿದ ಅಂಕಿ ಲೀಟರಿಗೆ ಇಪ್ಪತ್ತು ಕಿಲೋಮೀಟರ್ ದಾಟುತ್ತದೆ ನಿಜ. ಆದರೆ ಎಸಿ ಹಾಕಿಕೊಂಡು ಊರೊಳಗೆ ಓಡಿಸುವಾಗ ಆ ಅಂಕಿ ಯಾರಿಗೂ ಸಿಗುವುದಿಲ್ಲ. ಆಲ್ಟೊ 19, ವ್ಯಾಗನ್ ಆರ್ 16 ಕೊಡುತ್ತದೆ ಎಂದಿಟ್ಟುಕೊಳ್ಳಿರಿ. ನೀವು ತಿಂಗಳಿಗೆ 800 ಕಿಲೋಮೀಟರ್ ಓಡಿಸಿದರೆ ಆಲ್ಟೊಗೆ 42 ಲೀಟರ್, ವ್ಯಾಗನ್ ಆರ್‌ಗೆ 50 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 103 ರೂಪಾಯಿಯಂತೆ ವ್ಯತ್ಯಾಸ ತಿಂಗಳಿಗೆ ಸುಮಾರು 800 ರೂಪಾಯಿ, ವರ್ಷಕ್ಕೆ ಹತ್ತು ಸಾವಿರದೊಳಗೆ. ಎಸಿ ಕಂಪ್ರೆಸರ್ ಒಂದು ಕೈಕೊಟ್ಟರೆ, ಇಲ್ಲವೇ ನಾಲ್ಕು ಟೈರುಗಳನ್ನು ಒಟ್ಟಿಗೆ ಬದಲಿಸಬೇಕಾಗಿ ಬಂದರೆ, ಒಂದು ವರ್ಷದ ಆ ಉಳಿತಾಯ ಒಂದೇ ಮಧ್ಯಾಹ್ನದಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಮಿತವ್ಯಯವೆಂದರೆ ಕೆಲಸ ಕಡಿಮೆ ಬರುವ ಗಾಡಿ ಎಂದು ತಿಳಿಯಬೇಕು. ಅಪಘಾತದಲ್ಲಿ ಬೇರೆಯವರಿಗಾದ ಹಾನಿಯನ್ನು ಭರಿಸುವ ಕಡ್ಡಾಯ ಥರ್ಡ್ ಪಾರ್ಟಿ ವಿಮೆಯ ವಿಷಯದಲ್ಲಂತೂ ಆಲ್ಟೊಗೂ ವ್ಯಾಗನ್ ಆರ್‌ಗೂ ಭೇದವಿಲ್ಲ: 1000 ಸಿಸಿ ಒಳಗಿನ ಕಾರುಗಳಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಅನ್ನು 2022ರಲ್ಲಿ 2,094 ರೂಪಾಯಿಗೆ ನಿಗದಿಪಡಿಸಲಾಯಿತು, ವ್ಯಾಗನ್ ಆರ್‌ನ 998 ಸಿಸಿ ಎಂಜಿನ್ ಆ ಮಿತಿಯೊಳಗೇ ಬರುತ್ತದೆ. 1248 ಸಿಸಿಯ ಸ್ವಿಫ್ಟ್ ಡೀಸೆಲ್‌ಗೆ ಅದೇ ಪಟ್ಟಿಯಲ್ಲಿ 3,416 ರೂಪಾಯಿ.

ಇನ್ನು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ತಾಪಮಾನ 40 ಡಿಗ್ರಿ ದಾಟುವುದು ವಿಶೇಷವೇನಲ್ಲ, ಮತ್ತು ಎಂಟು ತಿಂಗಳ ಮಗುವನ್ನು ಕೂರಿಸಿಕೊಂಡು ಹೋಗುವಾಗ ಎಸಿಯನ್ನು ಐಷಾರಾಮ ಎನ್ನಲಾಗದು. ಆಲ್ಟೊ 800ರ ಎಂಜಿನ್ ಶಕ್ತಿ 48 ಪಿಎಸ್ (ಅಶ್ವಶಕ್ತಿಯ ಅಳತೆ) ಮಾತ್ರ. ವ್ಯಾಗನ್ ಆರ್‌ನದು 67ರ ಆಸುಪಾಸು. ಕಮಲಾಪುರ, ಹುಮನಾಬಾದ್ ಮಾರ್ಗವಾಗಿ ಬೀದರ್‌ಗೆ ಸುಮಾರು 110 ಕಿಲೋಮೀಟರ್ ಹೋಗುವಾಗ ನಾಲ್ಕು ಜನ, ಡಿಕ್ಕಿಯ ತುಂಬ ಸಾಮಾನು, ಎಸಿ, ಮುಂದೆ ತುಂಬಿದ ಲಾರಿ ಎಂಬ ಸ್ಥಿತಿಯಲ್ಲಿ ಈ ವ್ಯತ್ಯಾಸ ಏನೆಂಬುದು ಓವರ್‌ಟೇಕ್ ಮಾಡುವ ಹೊತ್ತಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅದಲ್ಲದೆ ಆಲ್ಟೊ 800ರ ಎಂಜಿನ್‌ನಲ್ಲಿ ಕಾಲಕಾಲಕ್ಕೆ ಬದಲಿಸಬೇಕಾದ ಟೈಮಿಂಗ್ ಬೆಲ್ಟ್ ಇದೆ. ಅದನ್ನು ಯಾವಾಗ ಬದಲಿಸಲಾಯಿತು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ ಬದಲಿಸುವ ಖರ್ಚು ನಿಮ್ಮದೇ ಎಂದು ಬರೆದಿಟ್ಟುಕೊಳ್ಳಿರಿ. ವ್ಯಾಗನ್ ಆರ್‌ನ ಆ ತಲೆಮಾರಿನ ಎಂಜಿನ್‌ನಲ್ಲಿರುವುದು ಚೈನ್, ಅದಕ್ಕೆ ಆ ಖರ್ಚು ಸಾಮಾನ್ಯವಾಗಿ ಬರುವುದಿಲ್ಲ. 2013ರ ಗಾಡಿಗೆ 2028ರಲ್ಲಿ ಹದಿನೈದು ವರ್ಷ ತುಂಬುತ್ತದೆ ಎಂಬುದನ್ನೂ ಮರೆಯಬಾರದು. ಆಗ ಫಿಟ್‌ನೆಸ್ ತೋರಿಸಿ ನೋಂದಣಿಯನ್ನು ನವೀಕರಿಸಬೇಕು, ಹಸಿರು ತೆರಿಗೆ ಕಟ್ಟಬೇಕು, ಮಾರಲು ಹೋದರೆ ಕೇಳುವವರು ಕಡಿಮೆ.

ಹೈದರಾಬಾದಿನ ಗಾಡಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳ ಜನ ಅಲ್ಲಿನ ಬೆಲೆ ಕೇಳಿ ಮರುಳಾಗುತ್ತಾರೆ. ಆ ಬೆಲೆ ಪೂರ್ತಿ ಬೆಲೆಯಲ್ಲ. ತೆಲಂಗಾಣದ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಜೀವಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕು, ಆನಂತರ ಕಲಬುರಗಿಯ ಕೆಎ 32 ನಂಬರ್ ಪಡೆಯಬೇಕು. ಅಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಭಾಗವನ್ನು ವಾಪಸು ಪಡೆಯುವ ಕೆಲಸಕ್ಕೆ ಬೇರೆಯೇ ಓಡಾಟ. ಬೇರೆ ರಾಜ್ಯದ ನಂಬರಿನಲ್ಲೇ ಓಡಿಸಿದರಾಯಿತು ಎಂದು ಏಜೆಂಟರು ಹೇಳುತ್ತಾರೆ, ಆದರೆ ಹನ್ನೆರಡು ತಿಂಗಳು ಮೀರಿ ಇಲ್ಲಿಯೇ ಇಟ್ಟುಕೊಂಡರೆ ಹೊಸ ನಂಬರ್ ಪಡೆಯಲೇಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳುತ್ತದೆ. ಇದನ್ನೆಲ್ಲ ಕೂಡಿಸಿದರೆ 2.75 ಲಕ್ಷ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಲೆಕ್ಕ ಹಾಕಿಸಿಕೊಳ್ಳಿರಿ. ಎರಡನೆಯದಾಗಿ, 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಬಡಾವಣೆಗಳಿಗೆ ನೀರು ನುಗ್ಗಿ ಬಹಳಷ್ಟು ಕಾರುಗಳು ಮುಳುಗಿದವು. ಅದೇ ತಿಂಗಳು ನಮ್ಮ ಭೀಮಾ ದಂಡೆಯ ಊರುಗಳಲ್ಲೂ ಪ್ರವಾಹ ಬಂದಿತ್ತು. ನೀರಲ್ಲಿ ನಿಂತ ಗಾಡಿ ತೊಳೆದು ಪಾಲಿಶ್ ಮಾಡಿದ ಮೇಲೆ ಹೊಸದರಂತೆ ಹೊಳೆಯುತ್ತದೆ, ಆದರೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಕಾಣುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಕೆಳಗಿನ ತಗ್ಗನ್ನು, ಫ್ಯೂಸ್ ಬಾಕ್ಸಿನೊಳಗಿನ ತುಕ್ಕನ್ನು, ಕಾಲಡಿಯ ಮ್ಯಾಟಿಂಗ್ ಕೆಳಗಿನ ವಾಸನೆಯನ್ನು ನೋಡಿರಿ. ಇವು ಸುಳ್ಳು ಹೇಳುವುದಿಲ್ಲ. ಮಾರುವವರು ಮಾತ್ರ “ಏನೂ ಕೆಲಸ ಇಲ್ರಿ, ಕೀಲಿ ತಿರುವಿ ಒಯ್ಯೋದಷ್ಟ” ಎನ್ನುತ್ತಾರೆ.

ಡೀಸೆಲ್ ಬೇಡವೆಂಬುದಕ್ಕೆ ಒಂದೇ ಕಾರಣ ಸಾಕು: ತಿಂಗಳಿಗೆ 800 ಕಿಲೋಮೀಟರ್ ಓಡುವವರಿಗೆ ಅದರ ಉಳಿತಾಯ ಇಂಜೆಕ್ಟರ್, ಟರ್ಬೊ, ಕ್ಲಚ್‌ಗಳ ಕೆಲಸಕ್ಕೆ ಸಾಲುವುದಿಲ್ಲ. ಮಾರುತಿ ಕಂಪನಿಯೇ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನು ನಿಲ್ಲಿಸಿದೆ.

ಈಗ ಮಕ್ಕಳ ವಿಷಯ. 2017ರ ವ್ಯಾಗನ್ ಆರ್‌ನಲ್ಲಿ ಏರ್‌ಬ್ಯಾಗ್ ಮತ್ತು ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎಲ್ಲ ಗಾಡಿಗಳಿಗೂ ಇರಲಿಲ್ಲ. ಆಪ್ಷನಲ್ ಎಂದು ಹೆಚ್ಚು ಹಣ ಕೊಟ್ಟವರಿಗೆ ಸಿಗುತ್ತಿತ್ತು. ನೀವು ನೋಡಿರುವ ಗಾಡಿಯಲ್ಲಿ ಅವು ಇವೆಯೇ ಎಂಬುದನ್ನು ಸ್ಟಿಯರಿಂಗ್ ಮೇಲಿನ ಅಕ್ಷರಗಳಿಂದಲೂ, ಕೀಲಿ ತಿರುಗಿಸಿದಾಗ ಮೀಟರಿನಲ್ಲಿ ಹೊತ್ತಿ ಆರುವ ದೀಪಗಳಿಂದಲೂ ಖಚಿತಪಡಿಸಿಕೊಳ್ಳಿರಿ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದರ ದೀಪ ಹೊತ್ತಿ ಆರದೇ ಉಳಿದರೂ, ಹೊತ್ತದೇ ಹೋದರೂ ಗಾಡಿ ಬೇಡ. ಏರ್‌ಬ್ಯಾಗ್, ಎಬಿಎಸ್ ಇಲ್ಲದ ಗಾಡಿಯಾಗಿದ್ದರೆ ನಾನಾದರೆ ಅದೇ ಹಣಕ್ಕೆ 2017 ಅಥವಾ 2018ರ ಟಾಟಾ ಟಿಯಾಗೊ ಪೆಟ್ರೋಲ್ ಹುಡುಕುತ್ತೇನೆ, ಅದರಲ್ಲಿಯೂ ಏರ್‌ಬ್ಯಾಗ್ ಇರುವ ಮೇಲ್ದರ್ಜೆಯದನ್ನು. 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಎರಡು ಏರ್‌ಬ್ಯಾಗಿನ ಟಿಯಾಗೊ ನಾಲ್ಕು ನಕ್ಷತ್ರ ಪಡೆಯಿತು. 2014ರಲ್ಲಿ ಏರ್‌ಬ್ಯಾಗ್ ಇಲ್ಲದ ಆಲ್ಟೊ 800ಕ್ಕೆ ಸಿಕ್ಕಿದ್ದು ಸೊನ್ನೆ. ಟಿಯಾಗೊ ಮೈಲೇಜಿನಲ್ಲಿ ತುಸು ಹಿಂದೆ, ಎಂಜಿನ್ ಅಲುಗಾಟವೂ ತುಸು ಹೆಚ್ಚು, ಆದರೆ ಕಬ್ಬಿಣ ಗಟ್ಟಿ. ವ್ಯಾಗನ್ ಆರ್‌ನ ಅನುಕೂಲ ಅದರ ಎತ್ತರ: ಮಗುವನ್ನು ಎತ್ತಿಕೊಂಡೇ ಹೆಚ್ಚು ಬಗ್ಗದೆ ಹಿಂದಿನ ಸೀಟಿನಲ್ಲಿ ಕೂರಿಸಬಹುದು, ಮೊಣಕಾಲು ನೋವಿನ ಹಿರಿಯರೂ ಸುಲಭವಾಗಿ ಹತ್ತಿ ಇಳಿಯುತ್ತಾರೆ.

ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ 1,000 ರೂಪಾಯಿ ದಂಡವಿದೆ. ಇದನ್ನು ಇಲ್ಲಿ ಯಾರೂ ಪಾಲಿಸುವುದಿಲ್ಲ, ತೊಡೆಯ ಮೇಲೆ ಮಗು ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಹೋಗುವವರೇ ಹೆಚ್ಚು. ನೀವು ಹಾಗೆ ಮಾಡಬೇಡಿರಿ. ಎಂಟು ತಿಂಗಳ ಮಗುವಿನ ಸೀಟನ್ನು ಹಿಂದಕ್ಕೆ ಮುಖ ಮಾಡಿ, ಹಿಂದಿನ ಆಸನದಲ್ಲಿಯೇ ಕಟ್ಟಬೇಕು, ಏರ್‌ಬ್ಯಾಗಿನ ಎದುರಿಗೆ ಎಂದಿಗೂ ಇಡಬಾರದು. ಮಕ್ಕಳ ಸೀಟನ್ನು ಮೊದಲೇ ಕೊಂಡು ಅಥವಾ ಯಾರಿಂದಲಾದರೂ ಎರವಲು ತಂದು ಮಾರುವವರ ಗಾಡಿಯಲ್ಲಿ ಕಟ್ಟಿ ನೋಡಿರಿ. ಹಿಂದಿನ ಬೆಲ್ಟ್ ಬಕಲ್‌ಗಳು ಸೀಟಿನ ಸಂದಿಯಲ್ಲಿ ಕಳೆದುಹೋಗಿರುವುದು, ಮಗುವಿನ ಸೀಟ್ ಕಟ್ಟಿದ ಮೇಲೆ ಮುಂದಿನವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುವುದು, ಇವೆಲ್ಲ ಆಗಲೇ ತಿಳಿಯುತ್ತವೆ.

ಗಾಡಿ ನೋಡಲು ಮಧ್ಯಾಹ್ನವೇ ಹೋಗಿರಿ, “ನಾನು ಬರುವವರೆಗೆ ಎಂಜಿನ್ ಚಾಲೂ ಮಾಡಬೇಡಿ, ತಣ್ಣಗೇ ಇರಲಿ” ಎಂದು ಮಾರುವವರಿಗೆ ಮೊದಲೇ ಹೇಳಿಟ್ಟು ಹೋಗಿರಿ. ಎಸಿ ಹಾಕಿ ಇಪ್ಪತ್ತು ನಿಮಿಷ ಬಿಸಿಲಿನಲ್ಲಿ ನಿಲ್ಲಿಸಿದರೆ ರೇಡಿಯೇಟರ್ ಫ್ಯಾನ್, ಗ್ಯಾಸ್, ತಾಪಮಾನ ಎಲ್ಲದರ ಸ್ಥಿತಿ ಒಟ್ಟಿಗೆ ಗೊತ್ತಾಗುತ್ತದೆ. ಎಂಜಿನ್ ತಣ್ಣಗಿರುವಾಗಲೇ ಕೂಲಂಟ್ ಡಬ್ಬಿ ನೋಡಿರಿ: ಬಣ್ಣದ ಕೂಲಂಟ್ ಬದಲು ಬರೀ ನೀರು ಇದ್ದರೆ ಅದು ಬೋರ್‌ವೆಲ್ ನೀರೇ ಆಗಿರುವ ಸಂಭವ ಹೆಚ್ಚು, ಮತ್ತು ನಮ್ಮ ಸುಣ್ಣಕಲ್ಲಿನ ನೆಲದ ಗಡಸು ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಪದರುಗಟ್ಟುತ್ತದೆ. ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ದಿನಾ ಓಡಾಡಿದ ಗಾಡಿಯಾದರೆ ಏರ್ ಫಿಲ್ಟರ್ ತೆಗೆಸಿ ನೋಡಿರಿ, ಗಾಜಿನ ಅಂಚಿನ ರಬ್ಬರುಗಳಲ್ಲಿ ಬೆರಳಾಡಿಸಿರಿ. ಒಣಗಿ ಗಟ್ಟಿಯಾದ ಬೂದು ಬಣ್ಣದ ಪುಡಿ ಸಿಕ್ಕರೆ ಎಂಜಿನ್ ಎಷ್ಟು ಧೂಳು ಕುಡಿದಿದೆ ಎಂಬ ಅಂದಾಜು ಬರುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಮೇಲ್ಮೈಯ ಗೀಟುಗಳು ಸವೆಯದಿದ್ದರೂ ಆರು ವರ್ಷ ದಾಟಿದ ಟೈರನ್ನು ಈ ಬಿಸಿಲಿನಲ್ಲಿ ಹೆದ್ದಾರಿಗೆ ಒಯ್ಯಬಾರದು.

ಮೀಟರ್ ತಿರುಗಿಸುವುದು ಇಂದಿಗೂ ನಿಂತಿಲ್ಲ. ಐವತ್ತು ಸಾವಿರ ಓಡಿದೆ ಎನ್ನುವ ಗಾಡಿಯ ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣುಪಾಗಿದ್ದರೆ ಆ ಮಾತನ್ನು ನಂಬಬಾರದು. ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ ಗಾಡಿಯ ನಂಬರ್ ಕೊಟ್ಟು ಸರ್ವಿಸ್ ದಾಖಲೆ ತೆಗೆಸಿರಿ; ಪ್ರತಿ ಸಲದ ಕಿಲೋಮೀಟರ್ ಅದರಲ್ಲಿರುತ್ತದೆ. ಹೈಕೋರ್ಟ್ ಪೀಠ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಬ್ಯಾಂಕುಗಳ ಪ್ರಾದೇಶಿಕ ಕಚೇರಿಗಳು ಇರುವ ಊರಾದ್ದರಿಂದ ವರ್ಗಾವಣೆಯಾಗಿ ಹೋಗುವವರ ಕಾರುಗಳು ಇಲ್ಲಿ ಸಿಗುತ್ತಲೇ ಇರುತ್ತವೆ, ಅಂಥವರಿಗೆ ಬೇಗ ಮಾರಬೇಕಾಗಿರುತ್ತದೆ, ಬಿಲ್ಲುಗಳನ್ನೂ ಇಟ್ಟಿರುತ್ತಾರೆ. ನಿಮ್ಮ ಬ್ಯಾಂಕ್ ಉದ್ಯೋಗಿಯ ಗಾಡಿಯತ್ತ ನನ್ನ ಒಲವಿಗೆ ಇದೂ ಒಂದು ಕಾರಣ. ಏನೇ ಆದರೂ ನಿಮಗೆ ಪರಿಚಯದ ಮಿಸ್ತ್ರಿಗೆ ಕೂಲಿ ಕೊಟ್ಟು ತೋರಿಸಿರಿ. ಮಾರುವವರು ಸೂಚಿಸಿದ ಮಿಸ್ತ್ರಿ ಬೇಡ.

ಕಾಗದಪತ್ರದ ವಿಷಯಕ್ಕೆ ಬಂದರೆ, ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಎಷ್ಟನೇ ಮಾಲೀಕರು, ಸಾಲ ಬಾಕಿ ಇದೆಯೇ, ವಿಮೆ ಎಂದಿನವರೆಗೆ ಎಂಬುದನ್ನು ನೋಡಿರಿ, ಬಾಕಿ ಚಲನ್‌ಗಳನ್ನೂ ಪರಿಶೀಲಿಸಿರಿ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30. ಸಹಿಗಳೆಲ್ಲ ಆಗುವವರೆಗೆ ಕೊನೆಯ ಕಂತಿನ ಹಣ ನಿಮ್ಮ ಬಳಿಯೇ ಇರಲಿ. ಮಾರುವವರಿಗೂ ಇದರಲ್ಲಿ ಹಿತವಿದೆ, ಏಕೆಂದರೆ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ.

ನನ್ನ ಕೆಲಸದಲ್ಲಿ ನಾನು ಹೆಚ್ಚಾಗಿ ಕಾಣುವ ತೊಂದರೆ ಇದರ ನಂತರದ್ದು. ಆರ್‌ಸಿ ಹೊಸಬರ ಹೆಸರಿಗೆ ಬಂದಿರುತ್ತದೆ, ವಿಮಾ ಪಾಲಿಸಿ ಮಾತ್ರ ಹಳೆಯ ಮಾಲೀಕರ ಹೆಸರಿನಲ್ಲೇ ಉಳಿದಿರುತ್ತದೆ. ಥರ್ಡ್ ಪಾರ್ಟಿ ರಕ್ಷಣೆ ತಾನಾಗಿಯೇ ಹೊಸ ಮಾಲೀಕರಿಗೆ ವರ್ಗವಾಗುತ್ತದೆ, ಆದರೆ ನಿಮ್ಮ ಗಾಡಿಯ ಸ್ವಂತ ಹಾನಿಯ ಭಾಗ ಹಾಗೆ ವರ್ಗವಾಗುವುದಿಲ್ಲ. ಹದಿನಾಲ್ಕು ದಿನಗಳೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹಳೆಯ ಮಾಲೀಕರದು, ಅದು ನಿಮಗೆ ಬರುವುದಿಲ್ಲವಾದ್ದರಿಂದ ಅಷ್ಟು ವ್ಯತ್ಯಾಸದ ಹಣವನ್ನು ನೀವು ತುಂಬಬೇಕಾಗುತ್ತದೆ.

ಈ ಕಾರಣಕ್ಕೆ 3 ಲಕ್ಷ 20 ಸಾವಿರವನ್ನೂ ಗಾಡಿಗೇ ಸುರಿಯಬೇಡಿರಿ. ವ್ಯಾಗನ್ ಆರ್ ಅನ್ನು 2.75 ಲಕ್ಷದ ಸುತ್ತಮುತ್ತ ಇಳಿಸಲು ಪ್ರಯತ್ನಿಸಿರಿ, ಟೈರು ಅಥವಾ ಬ್ಯಾಟರಿ ಹಳೆಯದಾಗಿದ್ದರೆ ಅದನ್ನೇ ಮುಂದಿಟ್ಟು ಮಾತಾಡಿರಿ. ಉಳಿದ ಸುಮಾರು ನಲವತ್ತೈದು ಸಾವಿರದಲ್ಲಿ ಹೆಸರು ವರ್ಗಾವಣೆ, ವಿಮೆ, ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಬದಲಾವಣೆ ಮತ್ತು ಮಗನ ಸೀಟ್ ಬೀದರ್‌ಗೆ ಮೊದಲ ಸಲ ಹೊರಡುವ ಮೊದಲೇ ಮುಗಿಯಬೇಕು.