ಕುದುರೆ ರೇಸ್‌ನಲ್ಲಿ ಗೆಲ್ಲಲು ಯೋಚನೆ ಬದಲಾಗಬೇಕಾ? ಮೊದಲು ರೇಟು ನೋಡಿ

ಕುದುರೆಗಳ ಬಗ್ಗೆ ಇಷ್ಟೆಲ್ಲ ಓದಿಕೊಂಡರೂ ದುಡ್ಡು ಹೋಗುತ್ತಲೇ ಇದೆ, ಮೈಂಡ್‌ಸೆಟ್ ಬದಲಿಸಿದರೆ ಗೆಲ್ಲಬಹುದಾ ಅಂತ ಕೇಳಿದ್ದೀರಿ. ಬದಲಿಸಬೇಕಾದ್ದು ಖಂಡಿತ ಇದೆ. ಆದರೆ ಆತ್ಮವಿಶ್ವಾಸ ಹೆಚ್ಚಿಸಿಕೊಳ್ಳಿ ಅಂತ ನಾನು ಹೇಳಲ್ಲ, ಅದು ನಿಮ್ಮಲ್ಲಿ ಈಗಲೇ ಜಾಸ್ತಿ ಇರಬಹುದು.

ಬೆಟ್ ಕಟ್ಟುವ ಮುಂಚೆ ನಾನು ಯಾವ ಕುದುರೆ ಗೆಲ್ಲುತ್ತದೆ ಅಂತ ಯೋಚಿಸುವುದಿಲ್ಲ, ಈ ಕುದುರೆಗೆ ಈ ರೇಟು ಸರಿಯಾ ಅಂತ ನೋಡುತ್ತೇನೆ. ಒಂದಕ್ಕೆ ನಾಲ್ಕು ರೇಟಿದೆ ಅಂದುಕೊಳ್ಳಿ, ಅಂದರೆ ಗೆದ್ದರೆ ಒಂದು ರೂಪಾಯಿಗೆ ನಾಲ್ಕು ರೂಪಾಯಿ ಲಾಭ, ಜೊತೆಗೆ ಕಟ್ಟಿದ ರೂಪಾಯಿಯೂ ವಾಪಸ್. ಅಂಥ ಕುದುರೆ 5 ಸಲದಲ್ಲಿ 1 ಸಲ ಗೆದ್ದರೆ ನಿಮ್ಮ ಅಸಲು ವಾಪಸ್ ಬರುತ್ತದೆ, ಅಷ್ಟೇ. ನಿಮ್ಮ ಲೆಕ್ಕದಲ್ಲಿ ಅದು 4ರಲ್ಲಿ 1 ಸಲ ಗೆಲ್ಲುವಂಥದ್ದಾದರೆ ಕಟ್ಟಿ. 6ರಲ್ಲಿ 1 ಅನ್ನಿಸಿದರೆ, ಎಷ್ಟೇ ಇಷ್ಟದ ಕುದುರೆ ಆಗಿರಲಿ, ಬಿಡಿ. ಹೀಗೆ ನೋಡುತ್ತಾ ಹೋದರೆ ಹೆಚ್ಚಿನ ರೇಸ್‌ಗಳಲ್ಲಿ ಕಟ್ಟುವಂಥದ್ದು ಏನೂ ಇರುವುದಿಲ್ಲ. ಸುಮ್ನೆ ಕೂರಬೇಕು. ಬಹಳ ಜನರಿಗೆ ಆಗದೇ ಇರುವುದು ಇದೇ.

ಫೇವರಿಟ್‌ಗಳು, ಅಂದರೆ ಆ ರೇಸ್‌ನಲ್ಲಿ ಎಲ್ಲಕ್ಕಿಂತ ಕಡಿಮೆ ರೇಟಿರುವ ಕುದುರೆಗಳು, ಹೆಚ್ಚುಕಡಿಮೆ ಮೂರರಲ್ಲಿ ಒಂದು ರೇಸ್ ಗೆಲ್ಲುತ್ತವೆ. ಹಾಗಂತ ಕಣ್ಣುಮುಚ್ಚಿ ಎಲ್ಲ ಫೇವರಿಟ್‌ಗಳ ಮೇಲೂ ಕಟ್ಟಿದರೆ ಕೊನೆಗೆ ನಷ್ಟವೇ, ಯಾಕೆಂದರೆ ಎಲ್ಲರಿಗೂ ಗೊತ್ತಿರುವ ಕುದುರೆಯ ರೇಟು ಆಗಲೇ ಇಳಿದಿರುತ್ತದೆ. ದೊಡ್ಡ ರೇಟಿನ ಕುದುರೆಗಳ ಕಥೆ ಸಾಮಾನ್ಯವಾಗಿ ಇನ್ನೂ ಕೆಟ್ಟದ್ದು. ಭಾರಿ ದುಡ್ಡಿನ ಆಸೆಗೆ ಜನ ಅವುಗಳ ಮೇಲೆ ಬೇಕಾದ್ದಕ್ಕಿಂತ ಜಾಸ್ತಿ ಕಟ್ಟುತ್ತಾರೆ. ಇದನ್ನು 1949ರಷ್ಟು ಹಿಂದೆಯೇ ಗುರುತಿಸಿದ್ದಾರೆ.

ಇದರ ಮೇಲೆ ಕಡಿತ ಬೇರೆ. ಟೋಟ್‌ನಲ್ಲಿ, ಅಂದರೆ ರೇಸ್ ಕ್ಲಬ್ಬಿನ ಬೆಟ್ಟಿಂಗ್‌ನಲ್ಲಿ, ಎಲ್ಲರ ದುಡ್ಡೂ ಒಂದೇ ಪೂಲ್‌ಗೆ ಬೀಳುತ್ತದೆ, ಅದರಲ್ಲಿ ನಡೆಸುವವರು ಮೊದಲು ತಮ್ಮ ಪಾಲು, ತೆರಿಗೆ ಎಲ್ಲ ಮುರಿದುಕೊಂಡು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಬಹಳ ದೇಶಗಳಲ್ಲಿ ಈ ಕಡಿತ 15ರಿಂದ 25 ಪರ್ಸೆಂಟ್. ಬುಕ್ಕಿ ಆದರೆ ತನ್ನ ಲಾಭವನ್ನು ರೇಟಿನಲ್ಲೇ ಸೇರಿಸಿಟ್ಟಿರುತ್ತಾನೆ. ಅಂದರೆ ಉಳಿದವರಿಗಿಂತ ಸ್ವಲ್ಪ ಜಾಸ್ತಿ ಗೊತ್ತಿದ್ದರೆ ಸಾಲದು, ಈ ಕಡಿತವನ್ನೂ ದಾಟುವಷ್ಟು ಗೊತ್ತಿರಬೇಕು.

'ಇನ್ನೂ ಜಾಸ್ತಿ ಓದುತ್ತೇನೆ' ಅನ್ನುತ್ತೀರಾ? 1973ರಲ್ಲಿ ಪಾಲ್ ಸ್ಲೋವಿಕ್ ಎಂಬ ಮನಶ್ಶಾಸ್ತ್ರಜ್ಞ ಪಳಗಿದ ರೇಸ್ ಲೆಕ್ಕಾಚಾರದವರಿಗೆ ಒಂದೊಂದು ರೇಸ್‌ನ ಬಗ್ಗೆ ಮೊದಲು 5 ಮಾಹಿತಿ ಕೊಟ್ಟು ಅಂದಾಜು ಕೇಳಿದರು, ಆಮೇಲೆ 10, 20, 40ರವರೆಗೆ ಹೋದರು. ಅಂದಾಜು ಸುಧಾರಿಸಲಿಲ್ಲ, ನಂಬಿಕೆ ಮಾತ್ರ ಏರುತ್ತಾ ಹೋಯಿತು! 1968ರ ಇನ್ನೊಂದು ಅಧ್ಯಯನದಲ್ಲಿ, ಆಗತಾನೇ ಬೆಟ್ ಕಟ್ಟಿ ಬಂದವರಿಗೆ ತಮ್ಮ ಕುದುರೆಯ ಮೇಲಿದ್ದ ಭರವಸೆ ಇನ್ನೂ ಕ್ಯೂನಲ್ಲಿದ್ದವರಿಗಿಂತ ಜಾಸ್ತಿ ಇತ್ತು. ಕುದುರೆ ಬದಲಾಗಿರಲಿಲ್ಲ, ದುಡ್ಡು ಕೈಬಿಟ್ಟಿತ್ತು ಅಷ್ಟೇ.

ಹಾಂಗ್‌ಕಾಂಗ್ ರೇಸ್‌ಗಳಲ್ಲಿ ಕಂಪ್ಯೂಟರ್ ಲೆಕ್ಕದಿಂದ ಭಾರಿ ದುಡ್ಡು ಗೆದ್ದ ಬಿಲ್ ಬೆಂಟರ್ ಕೂಡ ಜನರ ರೇಟನ್ನು ತಳ್ಳಿಹಾಕಲಿಲ್ಲ, ಅದನ್ನೇ ತನ್ನ ಲೆಕ್ಕದೊಳಗೆ ಸೇರಿಸಿಕೊಂಡ. ನಿಮ್ಮ ಅಂದಾಜಿಗೂ ರೇಟಿಗೂ ತೀರಾ ದೂರ ಇದ್ದರೆ, ಬೇರೆಯವರಿಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲದೇ ಇರಬಹುದು ಅಲ್ವಾ?

ಇನ್ನು ಸೋಲು. 4ರಲ್ಲಿ 1 ಸಲ ಗೆಲ್ಲುವ ಒಳ್ಳೆಯ ಬೆಟ್‌ಗಳನ್ನೇ ಕಟ್ಟಿದರೂ ಯಾವುದೇ 10 ಬೆಟ್ ಸಾಲಾಗಿ ಸೋಲುವ ಸಾಧ್ಯತೆ 5-6 ಪರ್ಸೆಂಟ್. ನೂರಾರು ಬೆಟ್‌ಗಳಲ್ಲಿ ಅಂಥ ಸರಣಿ ಬಂದೇ ಬರುತ್ತದೆ ಅಂದುಕೊಳ್ಳಿ. ಆಗ ಡಬಲ್ ಮಾಡಿ ಕಟ್ಟಿದವರು ಮುಳುಗುತ್ತಾರೆ. ರೇಸ್‌ಗೆ ಅಂತಲೇ ತೆಗೆದಿಟ್ಟ ದುಡ್ಡಿನಲ್ಲಿ ಒಂದು ಬೆಟ್‌ಗೆ 1 ಪರ್ಸೆಂಟ್ ಸಾಕು.

ಪ್ರತಿ ಬೆಟ್‌ಗೂ ಮೊದಲು ರೇಟು, ನಿಮ್ಮ ಅಂದಾಜು ಎರಡನ್ನೂ ಬರೆದಿಡಿ. ಕೆಲವು ನೂರು ಬೆಟ್ ಆದ ಮೇಲೆ ಕೂಡಿಸಿ ನೋಡಿ. ಬಹಳ ಜನರ ಲೆಕ್ಕ ನಷ್ಟದಲ್ಲೇ ಇರುತ್ತದೆ, ನಿಮ್ಮದೂ ಹಾಗೇ ಇದ್ದರೆ ಕಟ್ಟುವುದು ನಿಲ್ಲಿಸಿ. ಈಗಾಗಲೇ ಸಾಲ ಮಾಡಿ ಕಟ್ಟುತ್ತಿದ್ದೀರಾ? ಹಾಗಾದರೆ ಈ ಲೆಕ್ಕವೆಲ್ಲ ಬೇಡ, ಇವತ್ತೇ ಮನೆಯವರಿಗೆ ಹೇಳಿಬಿಡಿ.