ದಿಲ್ಲಿಯ ಕಾನೂನು ಮಂತ್ರಿ, ಧಾರವಾಡದ ಪೀಠ, ನಿಮ್ಮೂರಿನ ದಾವೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಕೇಂದ್ರದ ಕಾನೂನು ಮತ್ತು ನ್ಯಾಯ ಸಚಿವಾಲಯದ ಕುರಿತೇ ಇದ್ದವು. ಅದರ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದು ತಿಳಿಯದೆ ಜನ ಬೇರೆಯದೇ ಬಾಗಿಲು ಬಡಿದು ವರ್ಷಗಟ್ಟಲೆ ಕಾಯುತ್ತಿದ್ದಾರೆ. ಆರು ಪತ್ರಗಳನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಸರಕಾರ ಬದಲಾದರೆ ಕಾನೂನು ಮಂತ್ರಿಯೂ ಬದಲಾಗುತ್ತಾರೆ. ಆಗ ನ್ಯಾಯಮೂರ್ತಿಗಳ ನೇಮಕದ ರೀತಿಯೂ ಬದಲಾಗುತ್ತದೆಯೇ? ಪರೀಕ್ಷೆಗೆ ಓದುವಾಗ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ. (ಕಾನೂನು ವಿದ್ಯಾರ್ಥಿ, ನವನಗರ, ಹುಬ್ಬಳ್ಳಿ)

ಪುಸ್ತಕಗಳು ಬೇರೆ ಬೇರೆ ಹೇಳುವುದಕ್ಕೆ ಕಾರಣವಿದೆ. ಸಂವಿಧಾನದ 124 ಮತ್ತು 217ನೇ ವಿಧಿಯಲ್ಲಿ ಇರುವ ಮಾತು ಒಂದೇ: ರಾಷ್ಟ್ರಪತಿ 'ಸಮಾಲೋಚನೆ' ನಡೆಸಿ ನೇಮಿಸಬೇಕು. ಆ ಸಮಾಲೋಚನೆಯಲ್ಲಿ ಕೊನೆಯ ಮಾತು ಯಾರದು ಎಂಬುದರ ಮೇಲೆ 50 ವರ್ಷದಿಂದ ಜಗ್ಗಾಟ ನಡೆದಿದೆ.

ಎಚ್.ಆರ್. ಗೋಖಲೆ ಕಾನೂನು ಮಂತ್ರಿಯಾಗಿದ್ದಾಗ, 1973ರ ಏಪ್ರಿಲ್‌ನಲ್ಲಿ, ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಆ ಮೂವರಲ್ಲಿ ನಮ್ಮ ಕೆ.ಎಸ್. ಹೆಗ್ಡೆ ಒಬ್ಬರು, ಮೂವರೂ ರಾಜೀನಾಮೆ ಕೊಟ್ಟರು. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿನಲ್ಲಿದ್ದ ಅಡ್ವಾಣಿ, ವಾಜಪೇಯಿ, ದಂಡವತೆ ಮೊದಲಾದವರ ಅರ್ಜಿಯನ್ನು ವಿಚಾರಣೆಗೆ ಎತ್ತಿಕೊಂಡವರು ಕರ್ನಾಟಕ ಹೈಕೋರ್ಟಿನ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ. 1976ರಲ್ಲಿ ವರ್ಗವಾದ 16 ನ್ಯಾಯಮೂರ್ತಿಗಳಲ್ಲಿ ಇವರಿಬ್ಬರೂ ಇದ್ದರು: ಒಬ್ಬರು ಅಲಹಾಬಾದಿಗೆ, ಇನ್ನೊಬ್ಬರು ಗುವಾಹಟಿಗೆ. ಒಂದು ಆದೇಶ ಬರೆದದ್ದಕ್ಕೆ ಸಾವಿರಾರು ಕಿಲೋಮೀಟರ್ ದೂರ! ಪರೀಕ್ಷೆಯಲ್ಲಿ ಕೇಳಲಿ ಬಿಡಲಿ, ಈ ಎರಡು ಹೆಸರು ಕನ್ನಡದ ಕಾನೂನು ವಿದ್ಯಾರ್ಥಿಗೆ ಬಾಯಿಪಾಠ ಇರಬೇಕು. ಅದೇ ಕಾಲಕ್ಕೆ ಗೋಖಲೆಯವರ ಕೈಕೆಳಗೆ ಆ ಸಚಿವಾಲಯದ ರಾಜ್ಯ ಸಚಿವರಾಗಿದ್ದವರು ಧಾರವಾಡದ ಸಂಸದೆ ಸರೋಜಿನಿ ಮಹಿಷಿ.

1977ರಲ್ಲಿ ಜನತಾ ಸರಕಾರ ಬಂತು, ಶಾಂತಿಭೂಷಣ್ ಮಂತ್ರಿಯಾದರು. 43ನೇ ತಿದ್ದುಪಡಿಯಿಂದ ಹೈಕೋರ್ಟುಗಳಿಗೆ ಕಳೆದುಹೋಗಿದ್ದ ಅಧಿಕಾರ ಮರಳಿತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನು ತುರ್ತು ಪರಿಸ್ಥಿತಿಯಲ್ಲೂ ತಡೆಯಲಾಗದು ಎಂದಾದದ್ದು 1978ರ 44ನೇ ತಿದ್ದುಪಡಿಯಿಂದ. ಅಲ್ಲಿಗೆ ಮುಗಿಯಿತೆನ್ನುವಷ್ಟರಲ್ಲಿ 1981ರ ಮಾರ್ಚ್ 18ರಂದು ಆಗಿನ ಮಂತ್ರಿ ಪಿ. ಶಿವಶಂಕರ್ ಮುಖ್ಯಮಂತ್ರಿಗಳಿಗೆ ಸುತ್ತೋಲೆ ಬರೆದರು: ಹೆಚ್ಚುವರಿ ನ್ಯಾಯಮೂರ್ತಿಗಳಿಂದ ಬೇರೆ ರಾಜ್ಯಕ್ಕೆ ಹೋಗಲು ಒಪ್ಪಿಗೆ ಪಡೆಯಿರಿ ಎಂದು. ಆ ಪತ್ರದಿಂದ ಹುಟ್ಟಿದ್ದೇ ಎಸ್.ಪಿ. ಗುಪ್ತಾ ಪ್ರಕರಣ, ತೀರ್ಪು ಸರಕಾರದ ಕಡೆ ವಾಲಿತು. ಸುಪ್ರೀಂ ಕೋರ್ಟಿನ 1993ರ ತೀರ್ಪು ಅದನ್ನು ತಿರುಗಿಸಿ ಕೊಲಿಜಿಯಂ, ಅಂದರೆ ಹಿರಿಯ ನ್ಯಾಯಮೂರ್ತಿಗಳೇ ಕೂತು ಹೆಸರು ಆರಿಸುವ ಮಂಡಳಿಯನ್ನು, ಹುಟ್ಟುಹಾಕಿತು, 1998ರದು ಗಟ್ಟಿ ಮಾಡಿತು. 2015ರ ಅಕ್ಟೋಬರ್ 16ರಂದು ಕೊಲಿಜಿಯಂ ಬದಲು ತಂದಿದ್ದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗ ಸುಪ್ರೀಂ ಕೋರ್ಟಿನಲ್ಲಿ 4:1ರಲ್ಲಿ ಬಿದ್ದಾಗ ಮಂತ್ರಿಯಾಗಿದ್ದವರು ಡಿ.ವಿ. ಸದಾನಂದಗೌಡರು.

ಹೀಗಾಗಿ 1993ಕ್ಕಿಂತ ಮುಂಚಿನ ಪುಸ್ತಕದಲ್ಲಿ ಮಂತ್ರಿಯೇ ದೊಡ್ಡವರು, ಆಮೇಲಿನದರಲ್ಲಿ ಕೊಲಿಜಿಯಂ ದೊಡ್ಡದು. ಇಸವಿ ನೋಡಿ ಓದಿ.

ಈಗ ಫೈಲು ಹೋಗುವ ದಾರಿ ಹೀಗಿದೆ. ಹುದ್ದೆ ಖಾಲಿಯಾಗುವ 6 ತಿಂಗಳು ಮೊದಲೇ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಇಬ್ಬರು ಹಿರಿಯರೊಡನೆ ಕೂತು ಹೆಸರು ಕಳಿಸಬೇಕು. ಮುಖ್ಯಮಂತ್ರಿ, ರಾಜ್ಯಪಾಲರ ಅಭಿಪ್ರಾಯ 6 ವಾರದಲ್ಲಿ ಬರದಿದ್ದರೆ ಹೇಳುವುದೇನೂ ಇಲ್ಲ ಎಂದೇ ಲೆಕ್ಕ. ಸಚಿವಾಲಯ ಗುಪ್ತಚರ ವರದಿ ಸೇರಿಸಿ ಸುಪ್ರೀಂ ಕೋರ್ಟಿನ ಕೊಲಿಜಿಯಂಗೆ ಕೊಡುತ್ತದೆ. ಅಲ್ಲಿಂದ ಬಂದದ್ದು ಮಂತ್ರಿ, ಪ್ರಧಾನಿಯವರನ್ನು ದಾಟಿ ರಾಷ್ಟ್ರಪತಿಗೆ ಹೋಗುತ್ತದೆ. ಫೈಲು ನಿಲ್ಲುವುದು ಸಚಿವಾಲಯದ ಮೇಜಿನ ಮೇಲೆಯೇ, ಏಕೆಂದರೆ ರಾಜ್ಯಕ್ಕೆ ಹಾಕಿದಂಥ 'ಗಡುವು ಮೀರಿದರೆ ಒಪ್ಪಿಗೆ' ಎಂಬ ಷರತ್ತು ಸಚಿವಾಲಯಕ್ಕೆ ಇಲ್ಲ. ಕೊಲಿಜಿಯಂ ಅದೇ ಹೆಸರನ್ನು ಮತ್ತೆ ಕಳಿಸಿದರೆ 3-4 ವಾರದೊಳಗೆ ನೇಮಿಸಬೇಕೆಂದು 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದನ್ನೂ ಮೀರಿದ ಫೈಲುಗಳಿವೆ, ಇದು ನಿಜಕ್ಕೂ ನೋವಿನ ಸಂಗತಿ. ನಮ್ಮ ಹೈಕೋರ್ಟಿಗೆ ಮಂಜೂರಾದ ಸಂಖ್ಯೆ 62. ಅದರಲ್ಲಿ ಖಾಲಿ ಉಳಿದ ಒಂದೊಂದು ಕುರ್ಚಿಯ ಬಿಸಿ ಬೆಂಗಳೂರಿಗೂ ತಟ್ಟುತ್ತದೆ, ಧಾರವಾಡ, ಕಲಬುರಗಿ ಪೀಠಗಳಿಗೂ ತಟ್ಟುತ್ತದೆ.

ಪ್ರಶ್ನೆ: ನಮ್ಮ ವಾಟ್ನಿ (ಆಸ್ತಿ ಪಾಲಿನ) ದಾವೆ 2016ರಿಂದ ನಡದೈತ್ರಿ. ಬರೇ ಮುದ್ದತು. ದಿಲ್ಲಿಗೆ ಆನ್‌ಲೈನ್ ಅರ್ಜಿ ಹಾಕಿದ್ದೆ, ಒಂದು ಸಾಲು ಬರದು ಮುಗಿಸಿಬಿಟ್ರು. ಮಂತ್ರಿ ಬದಲಾದ್ರಂತ ಮತ್ತೊಮ್ಮಿ ಹಾಕಿದೆ, ಅದ ಉತ್ತರ. ಇನ್ನ ಯಾರ ಕಡೆ ಹೋಗ್ಲಿ? (ರೈತರು, ಹಾವೇರಿ ಜಿಲ್ಲೆ)

ಹಿರಿಯರೇ, ಯಾವ ಮಂತ್ರಿ ಬಂದರೂ ಅದೇ ಉತ್ತರ ಬರುತ್ತದೆ. ಕೋರ್ಟಿನ ಮುಂದಿರುವ ವಿಷಯವನ್ನು ಕೇಂದ್ರದ ದೂರು ಪೋರ್ಟಲ್ ತೆಗೆದುಕೊಳ್ಳುವುದೇ ಇಲ್ಲ. ಸಚಿವಾಲಯದ ನ್ಯಾಯ ಇಲಾಖೆ ಕೆಳ ಕೋರ್ಟಿಗೆ 'ಬೇಗ ಮುಗಿಸಿ' ಎಂದು ಬರೆಯುವಂತಿಲ್ಲ; ಬರೆದರೆ ಅದೇ ದೊಡ್ಡ ಅನ್ಯಾಯ. ಜಿಲ್ಲಾ, ತಾಲ್ಲೂಕು ಕೋರ್ಟುಗಳ ಮೇಲೆ ಹತೋಟಿ ಇರುವುದು 235ನೇ ವಿಧಿಯ ಪ್ರಕಾರ ಹೈಕೋರ್ಟಿಗೆ ಮಾತ್ರ.

ಮೊದಲು ದಾವೆ ಎಲ್ಲಿ ಸಿಕ್ಕಿದೆ ಎಂದು ನೋಡಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ನಂಬರ್ (ದಾವೆಯ ಗುರುತಿನ ಸಂಖ್ಯೆ) ಹಾಕಿದರೆ ಇದುವರೆಗಿನ ತಾರೀಖುಗಳೆಲ್ಲ ಬರುತ್ತವೆ. ಪ್ರತಿ ತಾರೀಖಿನ ಎದುರು ಯಾವ ಕಾರಣಕ್ಕೆ ಮುಂದೆ ಹೋಯಿತು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹತ್ತು ತಾರೀಖು ಬರೆಯುವಷ್ಟರಲ್ಲಿ ರೋಗ ಗೊತ್ತಾಗುತ್ತದೆ.

ವಾಟ್ನಿ ದಾವೆಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ತೊಡಕು. ಒಂದು, ಸಮನ್ಸ್ ಮುಟ್ಟಿಲ್ಲದಿರುವುದು: ಪ್ರೊಸೆಸ್ ಫೀ (ಸಮನ್ಸ್ ಕಳಿಸುವ ಶುಲ್ಕ) ಕಟ್ಟಿರುವುದಿಲ್ಲ, ಇಲ್ಲವೇ ಹುಬ್ಬಳ್ಳಿಗೋ ಗೋವಾಕ್ಕೋ ದುಡಿಯಲು ಹೋದ ತಮ್ಮನ ವಿಳಾಸ ಹಳೆಯದಿರುತ್ತದೆ. ಸಮನ್ಸ್ ಮುಟ್ಟದೆ ವಾಪಸ್ ಬಂದ ಮೇಲೆ ಹೊಸ ಸಮನ್ಸ್ ಕೇಳಲು ದಿವಾಣಿ (ಸಿವಿಲ್) ಪ್ರಕ್ರಿಯಾ ಸಂಹಿತೆ ಕೊಡುವುದು 7 ದಿನ; ಸುಮ್ಮನಿದ್ದರೆ ಆ ಪ್ರತಿವಾದಿಯ ಮಟ್ಟಿಗೆ ದಾವೆ ವಜಾ ಆಗಬಹುದು. ಎರಡನೆಯದು ಇನ್ನೂ ಕೆಟ್ಟದ್ದು. ದಾವೆ ನಡೆದಿರುವಾಗಲೇ ಪ್ರತಿವಾದಿಯೊಬ್ಬರು ತೀರಿಕೊಂಡರೆ, ಅವರ ವಾರಸುದಾರರನ್ನು 90 ದಿನದೊಳಗೆ ದಾಖಲೆಗೆ ತರಬೇಕು. ತಪ್ಪಿದರೆ ಅವರ ಮಟ್ಟಿಗೆ ದಾವೆ ತಾನಾಗಿಯೇ ಬಿದ್ದುಹೋಗುತ್ತದೆ. ಅದನ್ನು ಎತ್ತಲು ಮುಂದೆ 60 ದಿನ ಇದೆ; ಅದೂ ದಾಟಿದರೆ ತಡವಾದ ಕಾರಣ ಹೇಳಿ ಬೇರೆ ಅರ್ಜಿ ಹಾಕಬೇಕು. ವಾಟ್ನಿಯಲ್ಲಿ ಎಲ್ಲ ಪಾಲುದಾರರೂ ಇರಲೇಬೇಕಾದ್ದರಿಂದ ಒಬ್ಬರ ವಾರಸಾ ಬಿಟ್ಟರೂ ಇಡೀ ದಾವೆ ನಿಲ್ಲುತ್ತದೆ. ಮನೆತನದಲ್ಲಿ ಯಾರಾದರೂ ತೀರಿದರೆ ಮರಣ ಪ್ರಮಾಣಪತ್ರವನ್ನೂ ವಾರಸುದಾರರ ಹೆಸರು, ವಯಸ್ಸು, ವಿಳಾಸವನ್ನೂ ದಿನಕರ್ಮ ಮುಗಿದ ವಾರದಲ್ಲೇ ವಕೀಲರ ಕೈಗೆ ಕೊಟ್ಟುಬಿಡಿ.

ಎಲ್ಲ ಸರಿಯಿದ್ದೂ ಎಳೆದರೆ, ಅದೇ ಕೋರ್ಟಿನಲ್ಲಿ ಬೇಗ ವಿಚಾರಣೆಗೆ ಅರ್ಜಿ ಹಾಕಿಸಿ. ವಯಸ್ಸು ಅಥವಾ ಕಾಯಿಲೆ ಇದ್ದರೆ ದಾಖಲೆ ಲಗತ್ತಿಸಿ. ಅದಕ್ಕೂ ಜಗ್ಗದಿದ್ದರೆ 227ನೇ ವಿಧಿಯಡಿ ಧಾರವಾಡ ಪೀಠದಲ್ಲಿ ಕಾಲಮಿತಿ ಕೇಳಬಹುದು. ಹಾವೇರಿ ಆ ಪೀಠದ ವ್ಯಾಪ್ತಿಗೇ ಬರುತ್ತದೆ. 2008ರ ಜುಲೈ 4ರಂದು ಸಂಚಾರಿ ಪೀಠವಾಗಿ ಶುರುವಾದದ್ದು 2013ರಲ್ಲಿ ಕಾಯಂ ಆಯಿತು. ನ್ಯಾಯಾಧೀಶರ ನಡತೆಯ ಮೇಲೇ ದೂರಿದ್ದರೆ ಹೈಕೋರ್ಟಿಗೆ ಬರೆಯಿರಿ, ಆದರೆ ಜತೆಗೆ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಮತ್ತು ತಾಳೆ ನೋಡಬಹುದಾದ ದಾಖಲೆ ಇರಲಿ. ಬರಿ ಆರೋಪದ ಅರ್ಜಿಯನ್ನು ಯಾರೂ ಮುಂದೆ ಒಯ್ಯುವುದಿಲ್ಲ.

ಪ್ರಶ್ನೆ: ನಮ್ಮ ಗದಗಿನ ಶಾಸಕ ಎಚ್.ಕೆ. ಪಾಟೀಲರು 2023ರಲ್ಲಿ ರಾಜ್ಯದ ಕಾನೂನು ಮಂತ್ರಿಯಾದರು. ಇಲ್ಲಿನ ಕೋರ್ಟಿಗೆ ಜಡ್ಜ್ ಹಾಕಿಸುವುದು ಅವರ ಕೈಯಲ್ಲಿದೆಯೇ? (ಗದಗ)

ಇಲ್ಲ. ಜಿಲ್ಲಾ ನ್ಯಾಯಾಧೀಶರನ್ನು ಹೈಕೋರ್ಟಿನ ಶಿಫಾರಸಿನ ಮೇಲೆ ರಾಜ್ಯಪಾಲರು ನೇಮಿಸುತ್ತಾರೆ. ಯಾವ ಊರಿಗೆ ಎಂಬುದು ಹೈಕೋರ್ಟಿನ ತೀರ್ಮಾನ. ರಾಜ್ಯದ ಕಾನೂನು ಇಲಾಖೆ ನೋಡುವುದು ಸರಕಾರಿ ವಕೀಲರ ನೇಮಕ, ರಾಜ್ಯದ ನೋಟರಿಗಳು, ಕೋರ್ಟ್ ಕಟ್ಟಡದ ಹಣ ಇಂಥವನ್ನು. ಕಟ್ಟಡಕ್ಕೆ ಕೇಂದ್ರ ಯೋಜನೆಯಡಿ 60:40ರ ಲೆಕ್ಕದಲ್ಲಿ ದಿಲ್ಲಿಯ ಪಾಲೂ ಬರುತ್ತದೆ. ಸರಕಾರ ಬದಲಾದಾಗ ನಿಮಗೆ ನೇರ ತಟ್ಟುವುದು ಸರಕಾರಿ ವಕೀಲರ ಬದಲಾವಣೆ. ಸರಕಾರದ ವಿರುದ್ಧ ಹೈಕೋರ್ಟಿನಲ್ಲಿ ನಿಮ್ಮ ರಿಟ್ ಅರ್ಜಿ ಇದ್ದರೆ ಹೊಸಬರು 'ಫೈಲು ಬಂದಿಲ್ಲ' ಎಂದು ತಾರೀಖು ಕೇಳುತ್ತಾರೆ. ಇನ್ನೊಂದು ಸೆಟ್ ಪ್ರತಿ ಅವರಿಗೆ ಮೊದಲೇ ಮುಟ್ಟಿಸಲು ನಿಮ್ಮ ವಕೀಲರಿಗೆ ಹೇಳಿ.

ಪ್ರಶ್ನೆ: ನೋಟರಿ ಮಾಡಿಸಿದ ಅಫಿಡವಿಟ್ ಅನ್ನು ಕಚೇರಿಯೊಂದರಲ್ಲಿ ತಿರಸ್ಕರಿಸಿದರು. ಸಿಕ್ಕಾ ಸರಿಯಿಲ್ಲವಂತೆ. ನೋಟರಿಗಳನ್ನು ನೇಮಿಸುವವರು ಯಾರು? (ಅಣ್ಣಿಗೇರಿ)

1952ರ ನೋಟರಿ ಕಾಯ್ದೆಯ ಪ್ರಕಾರ ಕೇಂದ್ರದ ಕಾನೂನು ಸಚಿವಾಲಯವೂ ನೇಮಿಸುತ್ತದೆ, ರಾಜ್ಯ ಸರಕಾರವೂ ನೇಮಿಸುತ್ತದೆ. 10 ವರ್ಷ ವಕೀಲಿ ಮಾಡಿರಬೇಕು. ಮಹಿಳೆಯರು, ಪರಿಶಿಷ್ಟರು ಮತ್ತು ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ಪರವಾನಗಿ ಒಮ್ಮೆಗೆ 5 ವರ್ಷದ್ದು.

ಸಿಕ್ಕಾ ಹೀಗೇ ಇರಬೇಕೆಂದು ನಿಯಮವಿದೆ: ದುಂಡಗೆ, 5 ಸೆಂ.ಮೀ. ಅಡ್ಡಳತೆ, ಅದರಲ್ಲಿ ನೋಟರಿಯ ಹೆಸರು, ಕೆಲಸ ಮಾಡುವ ಪ್ರದೇಶ, ನೋಂದಣಿ ಸಂಖ್ಯೆ, 'ನೋಟರಿ' ಎಂಬ ಪದ, ನೇಮಿಸಿದ ಸರಕಾರದ ಹೆಸರು. ಶಾಯಿ ಹರಡಿ ನೋಂದಣಿ ಸಂಖ್ಯೆ ಓದಲಾಗದಿದ್ದರೆ ಅಲ್ಲೇ ಇನ್ನೊಮ್ಮೆ ಒತ್ತಿಸಿ. ನೋಟರಿಯ ರಜಿಸ್ಟರಿನಲ್ಲಿ ನಿಮ್ಮ ಸಹಿ ಬೀಳಲೇಬೇಕು, ಅದರ ಕ್ರಮಸಂಖ್ಯೆ ಕಾಗದದ ಮೇಲೆ ಬರಬೇಕು. ಕಾಗದ ಕಳಿಸಿಕೊಟ್ಟು ಸಿಕ್ಕಾ ಹಾಕಿಸಿಕೊಂಡು ಬರುವುದು ಬೇಡ. ನಾಳೆ ತಕರಾರು ಬಂದಾಗ ಮೊದಲು ಬೀಳುವುದು ಅಂಥ ಅಫಿಡವಿಟ್ಟೇ.

ನೀವು ಕೇಳದಿದ್ದರೂ ಇದೊಂದು ಹೇಳಲೇಬೇಕು. ಹೊಲ, ಪ್ಲಾಟಿನ ಖರೀದಿಯನ್ನು ನೋಟರಿ ಕರಾರಿನ ಮೇಲೆ ಮುಗಿಸಿ ಹಣ ಕೊಟ್ಟು ಕುಳಿತವರು ನಮ್ಮ ಭಾಗದಲ್ಲಿ ಬಹಳ. 100 ರೂಪಾಯಿ ಮತ್ತು ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟಕ್ಕೆ ಸಬ್ ರಜಿಸ್ಟ್ರಾರ್ ಕಚೇರಿಯ ನೋಂದಣಿಯೇ ಬೇಕು. ನೋಟರಿ ಸಿಕ್ಕಾದಿಂದ ಉತಾರದ (ಪಹಣಿಯ) ಮೇಲೆ ನಿಮ್ಮ ಹೆಸರು ಏರುವುದಿಲ್ಲ. ಹಾಗೆಯೇ, ನೋಟರಿ ಮುಂದೆ ಮದುವೆ, ಸೋಡಚೀಟಿ (ವಿಚ್ಛೇದನ) ಆಗುವುದಿಲ್ಲ ಎಂದು ಸಚಿವಾಲಯ 2024ರಲ್ಲಿ ಮತ್ತೊಮ್ಮೆ ಖಡಕ್ಕಾಗಿ ಬರೆದಿದೆ.

ಪ್ರಶ್ನೆ: ಭಾರತೀಯ ನ್ಯಾಯ ಸಂಹಿತೆಯನ್ನು ಗೃಹ ಮಂತ್ರಿ ಮಂಡಿಸಿದರು. ಕಾನೂನು ಮಂತ್ರಿ ಏಕಲ್ಲ? (ಧಾರವಾಡ)

ಕೇಂದ್ರ ಸರಕಾರದ ಕಾರ್ಯಹಂಚಿಕೆ ನಿಯಮಗಳಲ್ಲಿ ಕ್ರಿಮಿನಲ್ ಕಾನೂನು ಗೃಹ ಸಚಿವಾಲಯದ ಪಾಲಿಗಿದೆ. ಕಾನೂನು ಸಚಿವಾಲಯದ ಶಾಸಕಾಂಗ ಇಲಾಖೆ ಯಾವ ಸಚಿವಾಲಯದ ಮಸೂದೆಯಾದರೂ ಭಾಷೆ ಕಟ್ಟಿಕೊಡುತ್ತದೆ, ಮಂಡಿಸುವವರು ಆಯಾ ಮಂತ್ರಿ. ನ್ಯಾಯ ಇಲಾಖೆ ಕೂಡ 2009ರ ಕೊನೆಯವರೆಗೆ ಗೃಹ ಸಚಿವಾಲಯದಲ್ಲೇ ಇತ್ತು. ಕಾನೂನು ಸಚಿವಾಲಯದಡಿ ಬೇರೆ ಇಲಾಖೆಯಾಗಿ ಕೆಲಸ ಶುರುಮಾಡಿದ್ದು 2010ರ ಜನವರಿ 1ರಿಂದ, ವೀರಪ್ಪ ಮೊಯಿಲಿ ಮಂತ್ರಿಯಾಗಿದ್ದಾಗ.

ಪ್ರಶ್ನೆ: ಗಂಡನ ಮನೆಯವರು ಹೊರಗ ಹಾಕ್ಯಾರ. ವಕೀಲರಿಗೆ ಕೊಡಾಕ ರೊಕ್ಕ ಇಲ್ಲ. ದಿಲ್ಲಿಗೆ ಬರೀಬೇಕೇನ್ರಿ? (ನವಲಗುಂದ ತಾಲ್ಲೂಕು)

ದಿಲ್ಲಿ ಬೇಡ ತಂಗಿ. ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಮಹಿಳೆಗೆ ಆದಾಯದ ಮಿತಿಯೇ ಇಲ್ಲ, ಆದಾಯ ಪ್ರಮಾಣಪತ್ರ ತಾ ಎಂದರೆ ಈ ಕಲಮು ತೋರಿಸು. ಒಂದು ಹಾಳೆಯಲ್ಲಿ ನಡೆದದ್ದು ಬರೆದು, ಆಧಾರ್ ಪ್ರತಿ, ಮದುವೆಯ ಫೋಟೊ ಅಥವಾ ಲಗ್ನಪತ್ರ ಇದ್ದರೆ ಅದರ ಪ್ರತಿ ಸೇರಿಸಿ ಕೊಡು. ಇಲ್ಲದಿದ್ದರೂ ಅರ್ಜಿ ನಿಲ್ಲಬಾರದು. ವಕೀಲರ ಫೀ, ಕೋರ್ಟ್ ಫೀ ಎರಡೂ ಸಮಿತಿಯದೇ. ನೇಮಿಸಿದ ವಕೀಲರು ಹಣ ಕೇಳಿದರೆ, ಇಲ್ಲವೇ ತಾರೀಖಿಗೆ ಬರದಿದ್ದರೆ, ಬದಲಿಸಿಕೊಡಿ ಎಂದು ಸಮಿತಿಗೇ ಬರೆದುಕೊಡು. ಅರ್ಜಿ ನಿರಾಕರಿಸಿದರೆ ಕಾರಣ ಬರೆಸಿಕೊಂಡು ಧಾರವಾಡದ ಜಿಲ್ಲಾ ಪ್ರಾಧಿಕಾರಕ್ಕೆ ಹೋಗು, ಅದರ ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರು. ಫೋನಿನಲ್ಲೇ ಕೇಳುವುದಿದ್ದರೆ 15100. ಅರ್ಜಿ ಕೊಟ್ಟ ದಿನವೇ ಎರಡನೇ ಪ್ರತಿಯ ಮೇಲೆ ಮುಟ್ಟಿದ ಸಿಕ್ಕಾ, ತಾರೀಖು ಹಾಕಿಸಿಕೊಂಡು ಮನೆಗೆ ಬಾ.